ರಾತ್ರಿ ಊಟ ಬಿಟ್ಟರೂ ಬೆಳಿಗ್ಗೆ 150 ಏಕೆ?

ಪ್ರಶ್ನೆ: ನನಗೆ 61 ವರ್ಷ. ತಿಪಟೂರು ತಾಲ್ಲೂಕಿನವನು, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದೆ. ಸಕ್ಕರೆ ಕಾಯಿಲೆ ಬಂದು ಏಳು ವರ್ಷ. ಬೆಳಿಗ್ಗೆ ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಬೆಳಿಗ್ಗೆ ಮತ್ತು ರಾತ್ರಿ ಮೆಟ್‌ಫಾರ್ಮಿನ್ 500 ತೆಗೆದುಕೊಳ್ಳುತ್ತೇನೆ. ಅನ್ನ ಬಿಟ್ಟು ಒಂದು ವರ್ಷವಾಯಿತು, ಎರಡು ಹೊತ್ತೂ ರಾಗಿ ಮುದ್ದೆಯೇ. ಕಾಫಿಗೂ ಸಕ್ಕರೆ ಇಲ್ಲ, ಬೆಲ್ಲ ಮಾತ್ರ. ದಿನವೂ ಬೆಳಿಗ್ಗೆ ಆರಕ್ಕೆ ಮನೆಯಲ್ಲೇ ಪರೀಕ್ಷಿಸಿ ಬರೆದಿಡುತ್ತೇನೆ. ಆ ಪುಟಗಳ ಫೋಟೊ ಕಳಿಸಿದ್ದೇನೆ. ಯಾವಾಗಲೂ 140ರಿಂದ 160ರ ನಡುವೆ ಇರುತ್ತದೆ. ಕಳೆದ ತಿಂಗಳು ಕೆಲವು ದಿನ ರಾತ್ರಿ ಊಟವನ್ನೇ ಬಿಟ್ಟು ನೋಡಿದೆ. ಆಗಲೂ ಇಳಿಯಲಿಲ್ಲ, ಒಂದು ದಿನವಂತೂ 163 ಬಂತು. ಏನೂ ತಿನ್ನದಿದ್ದರೆ ಈ ಸಕ್ಕರೆ ಎಲ್ಲಿಂದ ಬರುತ್ತದೆ? ಮೀಟರಿನಲ್ಲಿ 152 ಬಂದ ದಿನವೇ ಲ್ಯಾಬಿನಲ್ಲಿ 139 ಬಂತು, ಯಾವುದನ್ನು ನಂಬಲಿ? ಮೂರು ತಿಂಗಳ ಸರಾಸರಿ 8.1 ಇದೆ. ಇನ್ಸುಲಿನ್ ಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ. ಅದನ್ನು ತಪ್ಪಿಸುವ ದಾರಿ ಇದೆಯೇ? ಮನೆಯವಳು ನನಗಾಗಿ ಬೇರೆ ಅಡುಗೆ ಮಾಡಿ ಮಾಡಿ ದಣಿದಿದ್ದಾಳೆ. ಅಂದಹಾಗೆ, ಎರಡು ಸಲ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮೈ ಬೆವರಿ ಕೈ ನಡುಗಿತು. ಕಾಫಿ ಕುಡಿದ ಮೇಲೆ ಸರಿಹೋಯಿತು. ಬಿಸಿಲಿಗೆ ಇರಬೇಕು.

ಉತ್ತರ: ಮೇಷ್ಟ್ರೇ, ನೀವು ‘ಅಂದಹಾಗೆ’ ಎಂದು ಕೊನೆಗೆ ಸೇರಿಸಿದ್ದನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಿಸಿಲಿಗೆ ಆದದ್ದಲ್ಲ. ನಿಮ್ಮ ಸಕ್ಕರೆ ತೀರಾ ಕೆಳಗಿಳಿದಿತ್ತು ಎಂದು ನನಗೆ ಹೆಚ್ಚುಕಡಿಮೆ ಖಚಿತವಾಗಿದೆ. ಸಾಕ್ಷಿ ನಿಮ್ಮ ನೋಟ್‌ಪುಸ್ತಕದಲ್ಲೇ ಇದೆ. ನಡುಕ ಬಂದ ಮೊದಲ ದಿನದ ಹಿಂದಿನ ಸಾಲಿನಲ್ಲಿ ‘ರಾತ್ರಿ ಊಟ ಇಲ್ಲ’ ಎಂದಿದೆ, ಎರಡನೆಯ ದಿನದ ಎದುರು ‘ಸಂಕಷ್ಟಿ’ ಎಂದಿದೆ. ಎರಡೂ ದಿನ ಬೆಳಗಿನ ಗ್ಲಿಮೆಪಿರೈಡ್ ಮಾತ್ರ ತಪ್ಪಿಲ್ಲ. ಆ ಮಾತ್ರೆಯ ಕೆಲಸವೇ ಮೇದೋಜ್ಜೀರಕ ಗ್ರಂಥಿಯನ್ನು ತಟ್ಟಿ ಇನ್ಸುಲಿನ್ ಹೊರಡಿಸುವುದು. ನೀವು ಉಂಡಿದ್ದೀರೋ ಚಂದ್ರೋದಯಕ್ಕೆ ಕಾಯುತ್ತಿದ್ದೀರೋ ಎಂದು ಅದು ಕೇಳುವುದಿಲ್ಲ. ಮಾತ್ರೆಗೆ ಪಂಚಾಂಗ ಗೊತ್ತಿಲ್ಲ.

ಮತ್ತೊಮ್ಮೆ ಹಾಗಾದರೆ ಮೊದಲು ಕುಳಿತುಕೊಳ್ಳಿ. ಸ್ಕೂಟರ್ ಮೇಲಿದ್ದರೆ ನಿಲ್ಲಿಸಿ. ಮೀಟರ್ ಕೈಗೆಟುಕುವಂತಿದ್ದರೆ ನೋಡಿ: 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕಲಸಿ ಕುಡಿಯಿರಿ, ಅಂದರೆ ಸುಮಾರು 15 ಗ್ರಾಂ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ; ಏರಿಲ್ಲದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಿರಿ. ಏರಿದ ಮೇಲೆ ಏನಾದರೂ ತಿನ್ನಿ. ಮೀಟರ್ ಹತ್ತಿರ ಇಲ್ಲದಿದ್ದರೆ ಹುಡುಕುತ್ತ ಕೂರಬೇಡಿ, ಸಕ್ಕರೆ ನೀರು ಮೊದಲು. ಹಾಲು ಹಾಕಿದ ಕಾಫಿ, ಚಾಕೊಲೇಟು ಈ ಕೆಲಸಕ್ಕೆ ನಿಧಾನ. ಇನ್ನೊಂದು ಮಾತು, ಇದನ್ನು ಬಹಳ ಮಂದಿಗೆ ಯಾರೂ ಹೇಳಿರುವುದಿಲ್ಲ: ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ಆ ಔಷಧಿ ತಡೆಯುತ್ತದೆ. ಅವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ನಿಮಗೆ ಸದ್ಯಕ್ಕೆ ಅದು ಅನ್ವಯಿಸುವುದಿಲ್ಲ. ಆದರೆ ಮೂರು ಔಷಧಿ ಸೇರಿಸಿದ ಮಾತ್ರೆಗಳು ನಮ್ಮಲ್ಲಿ ಧಾರಾಳವಾಗಿ ಬರೆಯಲ್ಪಡುತ್ತವೆ, ನಿಮ್ಮ ಮಾತ್ರೆಯೂ ನಾಳೆ ಬದಲಾಗಬಹುದು. ಮಾತ್ರೆಯ ಹಾಳೆಯ ಹಿಂದೆ ಅಚ್ಚಾದ ಔಷಧಿಯ ಹೆಸರು ಓದಿಕೊಳ್ಳಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಯಾರೂ ಏನನ್ನೂ ಸುರಿಯಬಾರದು, ನೇರ ಆಸ್ಪತ್ರೆಗೆ. ಈ ಕೊನೆಯ ಮಾತು ನಿಮಗಲ್ಲ, ನಿಮ್ಮ ಮನೆಯವರಿಗೆ. ಇದನ್ನು ಅವರಿಗೆ ಓದಿ ಹೇಳಿ.

ಈ ಎರಡು ಘಟನೆಗಳನ್ನು ನಿಮ್ಮ ವೈದ್ಯರಿಗೆ ಹೇಳಿಲ್ಲ ಎಂದು ನನ್ನ ಊಹೆ. ಹೇಳಲೇಬೇಕು. ಸಕ್ಕರೆ ಹೆಚ್ಚಿದೆ ಎಂದು ಅವರು ಮಾತ್ರೆ ಏರಿಸುವ ಮೊದಲು, ಇಳಿದು ನಡುಗಿಸಿದ್ದೂ ಉಂಟು ಎಂಬುದು ಅವರಿಗೆ ತಿಳಿದಿರಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಏನೂ ತಿನ್ನದಿದ್ದರೆ ಸಕ್ಕರೆ ಎಲ್ಲಿಂದ ಬರುತ್ತದೆ?

ನಿಮ್ಮ ಯಕೃತ್ತಿನಿಂದ. ಲಿವರ್ ಎನ್ನುತ್ತೇವಲ್ಲ, ಅದು ಮನೆಯ ಹಗೇವು ಇದ್ದಂತೆ. ಉಂಡಾಗ ಒಂದಷ್ಟು ಗ್ಲೂಕೋಸನ್ನು ತುಂಬಿಟ್ಟುಕೊಳ್ಳುತ್ತದೆ, ಉಣ್ಣದ ಹೊತ್ತಿನಲ್ಲಿ ಅಳೆದು ಹೊರಗೆ ಬಿಡುತ್ತದೆ. ಸಂಗ್ರಹ ಕರಗುತ್ತ ಬಂದರೆ ಬೇರೆ ಸಾಮಗ್ರಿಯಿಂದ ಹೊಸದಾಗಿಯೂ ತಯಾರಿಸುತ್ತದೆ. ಮಾಡಲೇಬೇಕು, ಮೆದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು, ನೀವು ಮಲಗಿದ್ದೀರಿ ಎಂದು ಅದು ರಜೆ ಹಾಕುವುದಿಲ್ಲ. ಆರೋಗ್ಯವಂತರಲ್ಲಿ ಇನ್ಸುಲಿನ್ ಈ ಹಗೇವಿನ ಬಾಯಲ್ಲಿ ಕುಳಿತು, ಇಷ್ಟು ಸಾಕು ಎಂದು ತಡೆಯುತ್ತದೆ. ನಮ್ಮಂಥವರಲ್ಲಿ ಆ ಕಾವಲುಗಾರನ ಮಾತು ನಡೆಯುವುದಿಲ್ಲ. ಅದರ ಮೇಲೆ ನಸುಕಿನ ಮೂರರಿಂದ ಎಂಟರವರೆಗೆ ಕಾರ್ಟಿಸೋಲ್, ಬೆಳವಣಿಗೆಯ ಹಾರ್ಮೋನು ಮುಂತಾದವು ದೇಹವನ್ನು ಎಬ್ಬಿಸುವ ತಯಾರಿ ನಡೆಸುತ್ತವೆ, ಸಕ್ಕರೆ ಹೊರಗೆ ಬಿಡು ಎಂದು ಲಿವರಿಗೆ ಒತ್ತಾಯ ಹಾಕುತ್ತವೆ. ಆರು ಗಂಟೆಗೆ ನೀವು ಬೆರಳು ಚುಚ್ಚಿದಾಗ ಕಾಣುವುದು ಇದರ ಲೆಕ್ಕ. ಹಿಂದಿನ ರಾತ್ರಿ ಎಷ್ಟು ಮುದ್ದೆ ಉಂಡಿರಿ ಎಂಬುದರ ಪಾಲು ಅದರಲ್ಲಿ ನೀವು ಎಣಿಸಿದಷ್ಟು ಇರುವುದಿಲ್ಲ. ಊಟ ಬಿಟ್ಟ ರಾತ್ರಿ ಲಿವರಿಗೆ ಕೆಲಸ ಇನ್ನೂ ಹೆಚ್ಚು. 163ಕ್ಕೆ ನೀವು ಆಶ್ಚರ್ಯಪಟ್ಟಿರಿ, ನನಗೆ ಆಗಲಿಲ್ಲ.

ನಮ್ಮಂಥವರಲ್ಲಿ ಎಂದೆನಲ್ಲ, ಬಾಯಿತಪ್ಪಿ ಹೇಳಿದ್ದಲ್ಲ. ನನಗೂ ಈ ಕಾಯಿಲೆ ಬಂದು ಒಂಬತ್ತು ವರ್ಷವಾಯಿತು. ಔಷಧಿ ಬರೆಯುವ ಕೈಯೇ ಬೆಳಿಗ್ಗೆ ಬೆರಳು ಚುಚ್ಚಿಕೊಳ್ಳುತ್ತದೆ.

ಆದ್ದರಿಂದ ರಾತ್ರಿ ಊಟ ಬಿಡುವ ಪ್ರಯೋಗವನ್ನು ಇಂದೇ ನಿಲ್ಲಿಸಿ. ಅದರಿಂದ ಬೆಳಗಿನ ಸಂಖ್ಯೆ ಇಳಿಯಲಿಲ್ಲ, ಮಧ್ಯಾಹ್ನದ ನಡುಕ ಮಾತ್ರ ಸಿಕ್ಕಿತು. ಬೇಕಿದ್ದರೆ ಊಟವನ್ನು ಎಂಟರೊಳಗೆ ಮುಗಿಸಿ, ಕಡಿಮೆ ಮಾಡಿ, ಬಿಡಬೇಡಿ.

ನಿಮ್ಮ ನೋಟ್‌ಪುಸ್ತಕದ ಬಗ್ಗೆ ಹೇಳಬೇಕು. ಇಷ್ಟು ಚೊಕ್ಕಟವಾದ ಅಕ್ಷರ, ಇಷ್ಟು ಶಿಸ್ತು ನನ್ನ ರೋಗಿಗಳಲ್ಲಿ ಹತ್ತಕ್ಕೊಬ್ಬರಲ್ಲಿ ಕಂಡರೆ ಹೆಚ್ಚು. ನಲವತ್ತೊಂದು ದಿನ, ನಲವತ್ತೊಂದು ಸಂಖ್ಯೆ, ಎಲ್ಲವೂ ಬೆಳಿಗ್ಗೆ ಆರು ಗಂಟೆಯವು. ಇಡೀ ದಿನವನ್ನು ನೀವು ಒಂದೇ ಕಿಂಡಿಯಿಂದ ನೋಡುತ್ತಿದ್ದೀರಿ, ಕಿಂಡಿಯಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂದುಕೊಂಡಿದ್ದೀರಿ. ಕಾಣದಿರುವುದು ಏನೆಂದು ಗಣಿತದಲ್ಲೇ ತೋರಿಸುತ್ತೇನೆ.

ಮೂರು ತಿಂಗಳ ಸರಾಸರಿ ಎನ್ನುವ ಎಚ್‌ಬಿಎ1ಸಿಯನ್ನು ಮೀಟರಿನ ಭಾಷೆಗೆ ತಿರುಗಿಸಲು ಒಂದು ಸೂತ್ರವಿದೆ, 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಿಂದ ಬಂದದ್ದು. ಆ ಸಂಖ್ಯೆಯನ್ನು 28.7ರಿಂದ ಗುಣಿಸಿ, 46.7 ಕಳೆಯಬೇಕು. ನಿಮ್ಮ 8.1ಕ್ಕೆ ಉತ್ತರ 186. ಅಂದರೆ ಹಗಲು ರಾತ್ರಿ ಸೇರಿ ನಿಮ್ಮ ರಕ್ತದ ಸರಾಸರಿ ಸಕ್ಕರೆ 186ರ ಆಸುಪಾಸಿನಲ್ಲಿದೆ. ಮಧ್ಯರಾತ್ರಿಯಿಂದ ಬೆಳಿಗ್ಗೆ ಎಂಟರವರೆಗೆ ಅದು 150 ಇತ್ತು ಎಂದು ಇಟ್ಟುಕೊಳ್ಳಿ. ಉಳಿದ 16 ಗಂಟೆಗಳ ಸರಾಸರಿ ಎಷ್ಟಿದ್ದರೆ ಒಟ್ಟು ಸರಾಸರಿ 186 ಆಗುತ್ತದೆ? ಏಳನೆಯ ತರಗತಿಯ ಲೆಕ್ಕ: 204. ಸರಾಸರಿಯೇ 204 ಎಂದರೆ ಊಟವಾದ ಮೇಲಿನ ಗಂಟೆಗಳಲ್ಲಿ 230, 250 ಮುಟ್ಟಿ ಬರುತ್ತಿರಬೇಕು. ನೀವು ಬೆಳಗಿನ 150ರ ಜೊತೆ ಒಂದು ವರ್ಷದಿಂದ ಕುಸ್ತಿ ಹಿಡಿದಿದ್ದೀರಿ. ನಿಜವಾದ ಎದುರಾಳಿ ಹಗಲಿನಲ್ಲಿ ಓಡಾಡಿಕೊಂಡಿದ್ದಾನೆ.

ಸೂತ್ರ ಒಂದು ಅಂದಾಜು, ನಿಜ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಇತ್ತೀಚೆಗೆ ರಕ್ತ ಕೊಡಿಸಿಕೊಂಡಿದ್ದರೆ ಏರುಪೇರಾಗುತ್ತದೆ. ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಅದು ಸರಿಯಾಗಿದ್ದರೆ ಮೇಲಿನ ಲೆಕ್ಕವನ್ನು ನಂಬಬಹುದು.

ಹಾಗಾದರೆ ಹಗಲಿನಲ್ಲಿ ಏರಿಸುತ್ತಿರುವುದು ಯಾವುದು? ಇಲ್ಲಿ ನಿಮಗೆ ಸ್ವಲ್ಪ ಬೇಸರವಾಗಬಹುದು, ನಮ್ಮ ಕಡೆಯ ದೇವರನ್ನೇ ಮುಟ್ಟುತ್ತಿದ್ದೇನೆ: ಮುದ್ದೆ.

ರಾಗಿಯನ್ನು ನಾನು ಹೀಗಳೆಯುವುದಿಲ್ಲ, ಅದನ್ನುಂಡೇ ಬೆಳೆದವನು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರೂ ಇಲ್ಲ. ಸುಣ್ಣದ ಅಂಶದಲ್ಲಂತೂ ಅಕ್ಕಿ ಅದರ ಹತ್ತಿರವೂ ಸುಳಿಯುವುದಿಲ್ಲ. ಆದರೆ ಅದೇ 100 ಗ್ರಾಂ ರಾಗಿಯಲ್ಲಿ ಪಿಷ್ಟ ಸುಮಾರು 67 ಗ್ರಾಂ ಇದೆ, ಅಕ್ಕಿಯಲ್ಲಿ 78. ವ್ಯತ್ಯಾಸವಿದೆ, ಆದರೆ ಊರೆಲ್ಲ ಹೇಳುವಷ್ಟಿಲ್ಲ. ಅನ್ನ ಬಿಟ್ಟು ಮುದ್ದೆಗೆ ಬಂದವರಿಗೆ ಅಳತೆ ತಪ್ಪುವುದು ಇಲ್ಲೇ. ಅನ್ನವನ್ನು ಬಡಿಸುವಾಗ ಸಾಕು ಸಾಕು ಎನ್ನುವವರು, ತಟ್ಟೆಯಲ್ಲಿ ಮುದ್ದೆ ಬಂದು ಕೂತರೆ ಅದನ್ನು ಒಂದು ಎಂದೇ ಎಣಿಸುತ್ತಾರೆ. ಒಂದು ಮುದ್ದೆ ಎಂದರೆ ಎಷ್ಟು? ನಿಂಬೆಹಣ್ಣಿನಷ್ಟೂ ಒಂದೇ, ತೆಂಗಿನಕಾಯಿಯಷ್ಟೂ ಒಂದೇ. ನಿಮ್ಮ ಮನೆಯವರು ಹಿಟ್ಟು ಹಾಕುವ ಮೊದಲು ಒಂದು ದಿನ ತಕ್ಕಡಿಯಲ್ಲಿಟ್ಟು ನೋಡಲಿ. 120 ಗ್ರಾಂ ಹಿಟ್ಟಿನ ಮುದ್ದೆಯಲ್ಲಿ 80 ಗ್ರಾಂ ಪಿಷ್ಟವಿರುತ್ತದೆ, ಅಂದರೆ ಸುಮಾರು 100 ಗ್ರಾಂ ಅಕ್ಕಿಯ ಅನ್ನದಲ್ಲಿರುವಷ್ಟೇ. ಎರಡು ಹೊತ್ತಿಗೆ 160. ಜೊತೆಗೆ, ನುಣ್ಣಗೆ ಬೀಸಿ ಚೆನ್ನಾಗಿ ಬೇಯಿಸಿದ ಹಿಟ್ಟು ಕಾಳಿಗಿಂತ ಬೇಗ ಜೀರ್ಣವಾಗುತ್ತದೆ. ಅಂಬಲಿ, ರಾಗಿ ಮಾಲ್ಟ್ ಮಾಡಿ ಕುಡಿದರೆ ಇನ್ನೂ ವೇಗ. ‘ಶುಗರ್ ಇದೆ, ಅದಕ್ಕೇ ದಿನಕ್ಕೆರಡು ಲೋಟ ಅಂಬಲಿ’ ಎಂದು ಹೆಮ್ಮೆಯಿಂದ ಹೇಳುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಬಿಡಬೇಕಾಗಿಲ್ಲ, ಅರ್ಧ ಮಾಡಿ. ಹಿಟ್ಟು 60 ಗ್ರಾಂ ಇರಲಿ. ತೆರವಾದ ಜಾಗಕ್ಕೆ ಬಸ್ಸಾರಿನ ಪಲ್ಯ ಬರಲಿ, ಸೊಪ್ಪು ಕಾಳು ಎರಡೂ ಇರುವಂಥದ್ದು. ಹುರುಳಿಕಾಳು, ಅವರೆಕಾಳು, ಅಲಸಂದೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಮತ್ತೆ, ತಿನ್ನುವ ಕ್ರಮವನ್ನು ಬದಲಿಸಿ ನೋಡಿ: ಪಲ್ಯ, ಕೋಸಂಬರಿ, ಕಾಳು ಮೊದಲು, ಮುದ್ದೆ ಆಮೇಲೆ. ಅದೇ ತಟ್ಟೆ, ಅದೇ ಪ್ರಮಾಣ, ಪಿಷ್ಟ ಕೊನೆಗೆ ಹೋದರೆ ಸಕ್ಕರೆ ಏರುವ ರಭಸ ಕಡಿಮೆಯಾಗುತ್ತದೆ. ಮುದ್ದೆ ಆರಿದರೆ ರುಚಿಯಿಲ್ಲ ಎಂದು ನೀವು ಗೊಣಗುತ್ತೀರಿ, ಗೊತ್ತು. ಪಲ್ಯ ಮುಗಿದ ಮೇಲೆ ಮುದ್ದೆ ಕಟ್ಟಲು ಹೇಳಿ ಎನ್ನುವ ಧೈರ್ಯ ನನಗಿಲ್ಲ, ನಿಮ್ಮ ಮನೆಯವರು ಈಗಾಗಲೇ ದಣಿದಿದ್ದಾರೆ.

ಅವರ ದಣಿವಿಗೆ ಮಾತ್ರ ನನ್ನ ಬಳಿ ಪರಿಹಾರವಿದೆ: ಬೇರೆ ಅಡುಗೆ ನಿಲ್ಲಿಸಿ. ಮೇಲೆ ಹೇಳಿದ್ದರಲ್ಲಿ ಮನೆಯ ಉಳಿದವರು ಉಣ್ಣಬಾರದ್ದು ಏನಿದೆ? ಅನ್ನ ಮಾಡಿದ ದಿನ ನೀವೂ ಒಂದು ಸಣ್ಣ ಬಟ್ಟಲು ಅನ್ನ ಉಣ್ಣಿ, ಆ ದಿನ ಮುದ್ದೆ ಬೇಡ. ಅನ್ನ ನಿಷಿದ್ಧವಲ್ಲ.

ಅನ್ನದ ಮಾತು ಬಂದದ್ದರಿಂದ ಕೇಳುತ್ತೇನೆ. ಅನ್ನ ಬಿಟ್ಟೆ ಎಂದು ಬರೆದಿರಿ, ಬೆಳಗಿನ ತಿಂಡಿಯ ಬಗ್ಗೆ ಒಂದಕ್ಷರ ಬರೆದಿಲ್ಲ. ತಟ್ಟೆ ಇಡ್ಲಿ, ದೋಸೆ, ಚಿತ್ರಾನ್ನ, ಅವಲಕ್ಕಿ, ಮಂಡಕ್ಕಿ, ಅಕ್ಕಿ ರೊಟ್ಟಿ ಎಲ್ಲವೂ ಅಕ್ಕಿಯೇ. ಉಪ್ಪಿಟ್ಟು ಅಕ್ಕಿಯಲ್ಲ, ಆದರೆ ಪಿಷ್ಟದ ಲೆಕ್ಕದಲ್ಲಿ ಅದರ ತಮ್ಮ. ನಮ್ಮಂಥ ಅನೇಕರಲ್ಲಿ ಬೆಳಗಿನ ಹೊತ್ತು ದೇಹ ಇನ್ಸುಲಿನ್ ಮಾತನ್ನು ಅತಿ ಕಡಿಮೆ ಕೇಳುವ ಹೊತ್ತು. ನಸುಕಿನ ಹಾರ್ಮೋನುಗಳ ಪ್ರಭಾವ ಇನ್ನೂ ಇಳಿದಿರುವುದಿಲ್ಲ. ಹಾಗಾಗಿ ಎರಡು ತಟ್ಟೆ ಇಡ್ಲಿ ಬೆಳಿಗ್ಗೆ ಏರಿಸುವಷ್ಟು ಸಂಜೆ ಏರಿಸದೆ ಇರಬಹುದು. ನನ್ನ ಗುಮಾನಿ ಮುದ್ದೆಗಿಂತಲೂ ತಿಂಡಿಯ ಮೇಲೇ ಹೆಚ್ಚು. ಹೆಸರುಕಾಳಿನ ದೋಸೆ, ತರಕಾರಿ ಅರ್ಧಕ್ಕರ್ಧ ಬಿದ್ದ ಉಪ್ಪಿಟ್ಟು, ಒಂದೇ ಇಡ್ಲಿಯ ಜೊತೆ ಗಟ್ಟಿ ಸಾಂಬಾರ್ ಮತ್ತು ಕಡಲೆ ಉಸಲಿ, ಹೀಗೆ ಯೋಚಿಸಿ. ಸಂಕಷ್ಟಿಯ ದಿನದ ಸಾಬಕ್ಕಿಯನ್ನೂ ಮರೆಯಬೇಡಿ, ಅದು ಬರೀ ಪಿಷ್ಟ.

ಬೆಲ್ಲದ ಬಗ್ಗೆ ನನಗೆ ಸಹನೆ ಕಡಿಮೆ. ಬೆಲ್ಲವೂ ಸಕ್ಕರೆಯೇ. ಬಣ್ಣ, ಪರಿಮಳ, ಒಂದು ಚಿಟಿಕೆ ಖನಿಜಾಂಶ ಹೆಚ್ಚಿದೆ. ರಕ್ತಕ್ಕೆ ಹೋದ ಮೇಲೆ ಎರಡಕ್ಕೂ ಒಂದೇ ಜಾತಕ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಎಂದುಕೊಂಡರೆ 30ರಿಂದ 40 ಗ್ರಾಂ ಆಯಿತು. ಸಾವಯವ ಬೆಲ್ಲ, ಜೋನಿ ಬೆಲ್ಲ, ತಾಳೆ ಬೆಲ್ಲ, ಜೇನುತುಪ್ಪ, ಎಲ್ಲಕ್ಕೂ ಇದೇ ಉತ್ತರ. ಎರಡು ವಾರ ಸಿಹಿಯಿಲ್ಲದ ಕಾಫಿ ಕುಡಿದರೆ ನಾಲಿಗೆ ಒಗ್ಗುತ್ತದೆ, ಮೂರನೆಯ ವಾರ ಬೆಲ್ಲದ ಕಾಫಿಯೇ ಅತಿಯೆನಿಸುತ್ತದೆ. ಮೆಂತ್ಯ, ಹಾಗಲಕಾಯಿ ರಸ, ಹಿತ್ತಲಿನ ಇನ್ಸುಲಿನ್ ಗಿಡದ ಎಲೆ? ಮೆಂತ್ಯದ ನಾರಿನಿಂದ ಅಲ್ಪಸ್ವಲ್ಪ ಲಾಭವಿದೆ, ಬೇಕಾದರೆ ತಿನ್ನಿ. ಎಲೆಗೆ ಇನ್ಸುಲಿನ್ ಎಂದು ಹೆಸರಿಟ್ಟದ್ದು ಜನ, ಅದರಲ್ಲಿ ಇನ್ಸುಲಿನ್ ಇಲ್ಲ. ಇವುಗಳಲ್ಲಿ ಯಾವುದನ್ನೂ ನಂಬಿ ಮಾತ್ರೆ ಬಿಡಬೇಡಿ.

ಮೀಟರ್ 152, ಲ್ಯಾಬ್ 139. ಎರಡನ್ನೂ ನಂಬಿ. ಮನೆಯ ಮೀಟರ್‌ಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡವೇ, 100ರ ಮೇಲಿನ ಸಂಖ್ಯೆಗಳಲ್ಲಿ ಶೇಕಡಾ 15ರಷ್ಟು ಆಚೀಚೆಯನ್ನು ಒಪ್ಪುತ್ತದೆ. ನಿಮ್ಮದು ಶೇಕಡಾ 10ರ ಒಳಗೇ ಇದೆ, ಒಳ್ಳೆಯ ಮೀಟರ್. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಲ್ಯಾಬ್ ಬೇಕು, ದಿನದಿನದ ಏರಿಳಿತ ತಿಳಿಯಲು ಮೀಟರ್ ಸಾಕು. ಇಂದು 148, ನಾಳೆ 154 ಎಂದರೆ ಸಕ್ಕರೆ ಹೆಚ್ಚಿತು ಎಂದಲ್ಲ. ನಿಮ್ಮ ಪುಸ್ತಕದಲ್ಲಿ ಅಂಥ ಸಾಲುಗಳ ಪಕ್ಕದಲ್ಲೆಲ್ಲ ಕೆಂಪು ಶಾಯಿಯ ಬಾಣವಿದೆ. ಆ ಕೆಂಪು ಪೆನ್ನನ್ನು ಒಳಗಿಡಿ.

ಆದರೆ ಕೈ ತೊಳೆದೇ ಚುಚ್ಚಿ, ಸೋಪು ಹಾಕಿ, ಒರೆಸಿ. ಒಮ್ಮೆ ಮಾವಿನಹಣ್ಣು ಹೆಚ್ಚಿಕೊಟ್ಟ ಕೈಯಲ್ಲೇ ಪರೀಕ್ಷಿಸಿಕೊಂಡು 268 ಕಂಡು ನಾನೇ ಗಾಬರಿಯಾಗಿದ್ದೆ. ಕೈ ತೊಳೆದು ನೋಡಿದರೆ 131. ಬೆರಳಿನ ತುದಿಗಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ತೇವ ತಗಲಿದರೆ ಕೆಡುತ್ತವೆ.

ಸ್ಟ್ರಿಪ್‌ಗೆ ದುಡ್ಡು ಬೀಳುತ್ತದೆ, ಗೊತ್ತು. ದಿನಕ್ಕೊಂದರಂತೆ ಬೆಳಗಿನ ಆರು ಗಂಟೆಗೇ ಸುರಿಯುವ ಬದಲು ಹೀಗೆ ಖರ್ಚು ಮಾಡಿ. ಹೊಸ ಪುಟದಲ್ಲಿ ನಾಲ್ಕು ಕಂಬ ಎಳೆಯಿರಿ: ತಿನ್ನುವ ಮುನ್ನ, ಎರಡು ಗಂಟೆಯ ನಂತರ, ಏನು ತಿಂದಿರಿ, ಆಮೇಲೆ ಏನು ಮಾಡಿದಿರಿ. ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದದ್ದರಿಂದ ಅಲ್ಲ. ಒಂದು ದಿನ ತಿಂಡಿಯ ಜೋಡಿ, ಒಂದು ದಿನ ಮಧ್ಯಾಹ್ನದ ಜೋಡಿ, ಒಂದು ದಿನ ರಾತ್ರಿಯದು, ಮಧ್ಯೆ ಒಂದು ದಿನ ಬಿಡುವು. ಊಟದ ನಂತರದ ಸಂಖ್ಯೆ 180ರೊಳಗೆ ಇದ್ದರೆ ಆ ಊಟ ನಿಮಗೆ ಒಗ್ಗಿತು. ಮುನ್ನ 140 ಇದ್ದು ನಂತರ 240 ಆಗಿದ್ದರೆ ಆ ತಟ್ಟೆಯಲ್ಲಿ ಏನಿತ್ತೆಂದು ನೋಡಿ, ಮುಂದಿನ ವಾರ ಅದೇ ಊಟವನ್ನು ಅರ್ಧ ಮುದ್ದೆಯೊಂದಿಗೆ ಮಾಡಿ, ಮತ್ತೆ ಅಳೆಯಿರಿ. ನಿಮ್ಮ ಮುದ್ದೆ ನಿಮ್ಮ ರಕ್ತದಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ನನ್ನ ಮಾತಿಗಿಂತ ಆ ಎರಡು ಸಂಖ್ಯೆಗಳು ದೊಡ್ಡ ಪ್ರಮಾಣ.

ನಾಲ್ಕನೆಯ ಕಂಬ ಏಕೆಂದರೆ: ನೀವು ಬೆಳಿಗ್ಗೆ ಒಂದು ಗಂಟೆ ನಡೆಯುತ್ತೀರಿ ಎಂದು ಅಂಚಿನಲ್ಲಿ ಬರೆದಿದ್ದೀರಿ, ಉಳಿದ ದಿನ ಕುರ್ಚಿ. ಆ ಒಂದು ಗಂಟೆಯನ್ನು ಒಡೆಯಿರಿ. ಬೆಳಿಗ್ಗೆ ಅರ್ಧ ಗಂಟೆ ಇರಲಿ, ಮಿಕ್ಕದ್ದನ್ನು ಮಧ್ಯಾಹ್ನ ಮತ್ತು ರಾತ್ರಿಯ ಊಟದ ನಂತರ ಹದಿನೈದು ಹದಿನೈದು ನಿಮಿಷ ಮಾಡಿ. ಕಾಲಿನ ದೊಡ್ಡ ಸ್ನಾಯುಗಳು ದುಡಿಯುವಾಗ ಇನ್ಸುಲಿನ್ ನೆರವು ಹೆಚ್ಚು ಬೇಡದೆ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಉಂಡದ್ದು ರಕ್ತಕ್ಕೆ ಇಳಿಯುವ ಹೊತ್ತಿಗೇ ನಡೆದರೆ ಅದು ಏರುವಾಗಲೇ ತಡೆದಂತೆ. ತೋಟದಲ್ಲಿ ಸುತ್ತಿದರೂ ಆದೀತು, ಆದರೆ ಬರಿಗಾಲಲ್ಲಿ ಬೇಡ. ಏಳು ವರ್ಷದ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗಿದ್ದರೂ ತಿಳಿದಿರುವುದಿಲ್ಲ. ಗರಿಯ ಸೀಳು ಹೊಕ್ಕಿದ್ದು ಮೂರು ದಿನದ ಮೇಲೆ ಕೀವಾದಾಗಲೇ ಗೊತ್ತಾಗುತ್ತದೆ.

ಇನ್ನು ಮೂರು ಸಂಖ್ಯೆ, ಎರಡೇ ರಾತ್ರಿ: ಮಲಗುವಾಗ, ನಸುಕಿನ ಮೂರಕ್ಕೆ, ಎದ್ದಾಗ. ಮಲಗುವಾಗಲೇ 210 ಇದ್ದರೆ ರಾತ್ರಿಯ ಊಟ ಭಾರವಾಯಿತು. ಮಲಗುವಾಗ 135, ಮೂರಕ್ಕೆ 125, ಎದ್ದಾಗ 150 ಎಂದರೆ ನಾನು ಮೇಲೆ ಹೇಳಿದ ಲಿವರಿನ ಕೆಲಸ. ಮೂರಕ್ಕೆ 70ಕ್ಕಿಂತ ಕೆಳಗಿದ್ದರೆ ಸಕ್ಕರೆ ನೀರು ಕುಡಿದು, ಏರಿತೆಂದು ನೋಡಿಕೊಂಡು, ಬೆಳಗಾಗುತ್ತಲೇ ವೈದ್ಯರಿಗೆ ಫೋನ್ ಮಾಡಿ. ಗ್ಲಿಮೆಪಿರೈಡ್ ಬಗ್ಗೆ ಅವರು ಮತ್ತೆ ಯೋಚಿಸಬೇಕು.

ಇನ್ಸುಲಿನ್ ತಪ್ಪಿಸಬಹುದೇ? ಬಹುಶಃ ಸದ್ಯಕ್ಕೆ ಹೌದು. ಆದರೆ ತಪ್ಪಿಸುವುದೇ ಗುರಿಯಾಗಬಾರದು. ವೈದ್ಯರ ಬಳಿ ಕೇಳಬೇಕಾದ ಪ್ರಶ್ನೆಗಳನ್ನು ಕೊಡುತ್ತೇನೆ, ಉತ್ತರ ಅವರೇ ಹೇಳಬೇಕು, ನಿಮ್ಮ ಮೈ ನೋಡಿದವರು ಅವರು. ಒಂದು, ಮೆಟ್‌ಫಾರ್ಮಿನ್ ಏರಿಸಲು ಜಾಗವಿದೆಯೇ? ನೀವು ತೆಗೆದುಕೊಳ್ಳುತ್ತಿರುವುದು ದಿನಕ್ಕೆ 1000 ಮಿಲಿಗ್ರಾಂ, ಮೂತ್ರಪಿಂಡ ಚೆನ್ನಾಗಿದ್ದರೆ 2000ದವರೆಗೆ ಕೊಡುವುದುಂಟು. ಬೆಳಗಿನ ಸಕ್ಕರೆಗೆ ಕಾರಣವಾದ ಲಿವರನ್ನೇ ಹಿಡಿದು ನಿಲ್ಲಿಸುವ ಮಾತ್ರೆ ಅದು, ತಾನೊಂದೇ ಇದ್ದಾಗ ಸಕ್ಕರೆಯನ್ನು ನಡುಗುವಷ್ಟು ಇಳಿಸುವುದೂ ವಿರಳ. ಏಳು ವರ್ಷದಿಂದ ನುಂಗುತ್ತಿರುವುದರಿಂದ ವಿಟಮಿನ್ ಬಿ12 ಒಮ್ಮೆ ನೋಡಿಸಿ, ಅದನ್ನು ಈ ಮಾತ್ರೆ ತಗ್ಗಿಸುತ್ತದೆ. ಪಾದ ಜುಮ್ಮೆನ್ನುವುದಕ್ಕೆ ಕೆಲವೊಮ್ಮೆ ಸಕ್ಕರೆಯಲ್ಲ, ಬಿ12 ಕೊರತೆಯೇ ಕಾರಣವಾಗಿರುತ್ತದೆ.

ಎರಡು, ಗ್ಲಿಮೆಪಿರೈಡ್ ಜಾಗದಲ್ಲಿ ನಡುಕ ತರದ ಔಷಧಿ ಸಾಧ್ಯವೇ? ಡಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಹೃದಯಕ್ಕೂ ಮೂತ್ರಪಿಂಡಕ್ಕೂ ರಕ್ಷಣೆ ಕೊಡುತ್ತದೆ. ಸಿಟಾಗ್ಲಿಪ್ಟಿನ್ ಇನ್ನೊಂದು ಬಗೆ, ಸೌಮ್ಯ. ಮೊದಲನೆಯದರ ಪೇಟೆಂಟ್ 2020ರಲ್ಲಿ, ಎರಡನೆಯದರದು 2022ರಲ್ಲಿ ನಮ್ಮ ದೇಶದಲ್ಲಿ ಮುಗಿದ ಮೇಲೆ ಬೆಲೆ ಬಹಳ ಇಳಿದಿದೆ. ಡಪಾಗ್ಲಿಫ್ಲೋಜಿನ್ ಕೊಟ್ಟರೆ ಗುಪ್ತಾಂಗದ ತುರಿಕೆ, ಶಿಲೀಂಧ್ರದ ಸೋಂಕು ಬರಬಹುದು, ಸಂಕೋಚವಿಲ್ಲದೆ ಹೇಳಿ. ವಾಂತಿಭೇದಿಯಾದಾಗ, ದೀರ್ಘ ಉಪವಾಸದಲ್ಲಿ ಅದನ್ನು ನಿಲ್ಲಿಸಬೇಕಾಗುತ್ತದೆ. ಸಂಕಷ್ಟಿಯ ದಿನ ಯಾವ ಮಾತ್ರೆ ಬಿಡಬೇಕು, ಯಾವುದು ಅರ್ಧ ಎಂದು ಮೊದಲೇ ಬರೆಸಿಕೊಳ್ಳಿ. ಉಪವಾಸ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ.

ಮೂರು, ನನ್ನ ಗುರಿ ಎಷ್ಟು? ಅನೇಕರಿಗೆ 7ಕ್ಕಿಂತ ಕಡಿಮೆ ಎನ್ನುತ್ತೇವೆ, ಸರಾಸರಿ 154. ನಡುಕ ಬರುವವರಿಗೆ, ವಯಸ್ಸಾದವರಿಗೆ ಸ್ವಲ್ಪ ಸಡಿಲಿಸುತ್ತೇವೆ. ನಿಮ್ಮ ಗುರಿ ನಿಮಗೆ ಗೊತ್ತಿರಬೇಕು.

ಇಷ್ಟೆಲ್ಲ ಮಾಡಿ ಮೂರು ತಿಂಗಳ ನಂತರವೂ 8ರ ಮೇಲೇ ಇದ್ದರೆ ಇನ್ಸುಲಿನ್ ತೆಗೆದುಕೊಳ್ಳಿ. ಕೊನೆಗಾಲದ ಔಷಧಿ ಎಂಬ ಅಪವಾದ ಅದಕ್ಕೆ ಏಕೆ ಅಂಟಿತು ಎಂದು ನನಗೆ ಗೊತ್ತು: ತೀರಾ ಕೆಟ್ಟ ಮೇಲೆ ಕೊಡುತ್ತಿದ್ದೆವು, ಆಮೇಲೆ ಆದದ್ದಕ್ಕೆಲ್ಲ ಸೂಜಿಯ ಮೇಲೆ ದೂರು. ಒಮ್ಮೆ ಶುರುವಾದರೆ ಬಿಡಲಾಗದು ಎಂಬುದೂ ಎಲ್ಲರ ವಿಷಯದಲ್ಲಿ ನಿಜವಲ್ಲ. ಈಗಿನ ಸೂಜಿಯ ಉದ್ದ 4 ಮಿಲಿಮೀಟರ್, ನಿಮ್ಮ ಬೆರಳು ಚುಚ್ಚುವ ಲ್ಯಾನ್ಸೆಟ್‌ಗಿಂತ ಅದರ ನೋವು ಕಡಿಮೆ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರಿನಲ್ಲಿ ಬೇಡವೇ ಬೇಡ. ಬಳಸುತ್ತಿರುವುದು ಸಾಮಾನ್ಯವಾಗಿ 28 ದಿನ ಹೊರಗೆ ತಂಪಿನಲ್ಲಿ ಕೆಡದೆ ಇರುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋದರೆ ಒಂದು ಮಣ್ಣಿನ ಕುಡಿಕೆಯನ್ನು ಅದಕ್ಕಿಂತ ದೊಡ್ಡ ಕುಡಿಕೆಯೊಳಗಿಟ್ಟು ನಡುವೆ ಒದ್ದೆ ಮರಳು ತುಂಬಿದರೆ ಸಾಕು.

ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ, ಮೂತ್ರದ ಆಲ್ಬುಮಿನ್, ಪಾದ ಪರೀಕ್ಷೆ ಆಗಿರದಿದ್ದರೆ ಈ ಭೇಟಿಯಲ್ಲೇ ಮುಗಿಸಿ. ರಕ್ತದೊತ್ತಡ, ಕೊಲೆಸ್ಟ್ರಾಲ್ ಬಗ್ಗೆ ನೀವು ಏನನ್ನೂ ಬರೆದಿಲ್ಲ. ಅವನ್ನೂ ನೋಡಿಸಿ.

ಹೋಗುವಾಗ ನಿಮ್ಮ ಮನೆಯವರನ್ನೂ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ. ನಿಮ್ಮ ಪತ್ರದಲ್ಲಿ ಅವರು ದಣಿದಿದ್ದಾರೆ ಎಂದಿದೆಯೇ ಹೊರತು ಅವರ ಸಕ್ಕರೆ ಎಷ್ಟು ಎಂದಿಲ್ಲ. ಒಂದೇ ಒಲೆಯ ಅಡುಗೆ ಉಂಡು ಇಷ್ಟು ವರ್ಷ ಕಳೆದವರು. 100ರ ಒಳಗೆ ಇದ್ದರೆ ಸಂತೋಷ, 100ರಿಂದ 125 ಇದ್ದರೆ ಅಂಚಿನಲ್ಲಿದ್ದಾರೆ, 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ದಿನ ಮತ್ತೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಅವರ ಸಂಖ್ಯೆಗೂ ನಿಮ್ಮ ಪುಸ್ತಕದಲ್ಲಿ ಒಂದು ಪುಟ ತೆಗೆದಿಡಿ.